ಹೊಸ ಫ್ರಿಡ್ಜ್ ಕೆಟ್ಟಿದ್ದರೆ ಮೆಕ್ಯಾನಿಕ್‌ಗೆ ಓಟಿಪಿ ಕೊಡಬೇಡಿ

ಹಬ್ಬದ ಆಫರ್‌ನಲ್ಲಿ ಫ್ರಿಡ್ಜ್, ವಾಷಿಂಗ್ ಮಷೀನ್ ತರಲು ಹೊರಟವರು ದಯವಿಟ್ಟು ಇದನ್ನು ಓದಿ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಯುಗಾದಿಗೆ ಅಂತ ದಾವಣಗೆರೆಯ ಒಂದು ಶೋರೂಂನಲ್ಲಿ ಡಬಲ್ ಡೋರ್ ಫ್ರಿಡ್ಜ್ ತೆಗೆದುಕೊಂಡೆವು. ಅತ್ತೆಯವರ ಇನ್ಸುಲಿನ್ ಇಡಬೇಕಿತ್ತು. ಶೋರೂಂ ಹುಡುಗನೇ ಬಂದು ಪ್ಯಾಕ್ ಬಿಚ್ಚಿ, ಪ್ಲಗ್ ಹಾಕಿ ಹೋದ. ಲೈಟ್ ಉರಿಯುತ್ತದೆ, ಮೋಟರ್ ಓಡುತ್ತದೆ, ತಂಪು ಮಾತ್ರ ಇಲ್ಲ. ರಾತ್ರಿಯೆಲ್ಲ ಬಿಟ್ಟರೂ ಐಸ್ ಟ್ರೇಯಲ್ಲಿ ನೀರು ನೀರಾಗಿಯೇ ಇತ್ತು. ಇನ್ಸುಲಿನ್ ಪಕ್ಕದ ಮನೆಗೆ ಹೋಯಿತು.

ಅಂಗಡಿಗೆ ಫೋನ್ ಮಾಡಿದರೆ, "ನಾವು ಮಾರೋರು ಅಷ್ಟೇ ಮೇಡಂ, ಕಂಪನಿಗೆ ಕಾಲ್ ಮಾಡಿ." ಕಂಪನಿ ಮೆಕ್ಯಾನಿಕ್ ಬಂದ. ಗ್ಯಾಸ್ ಲೀಕ್ ಆಗಿದೆ, ತುಂಬಿಸಿದರೆ ಸರಿಹೋಗುತ್ತದೆ ಅಂದ. ಒಂದು ದಿನವೂ ನೆಟ್ಟಗೆ ಓಡದ ಫ್ರಿಡ್ಜ್‌ಗೆ ರಿಪೇರಿಯಾ? ಬೇಡ, ಬದಲಿಸಿ ಕೊಡಿ ಅಂದೆ. "ಮೇಲಿನವರಿಗೆ ಹೇಳ್ತೀನಿ. ನಾನು ಬಂದು ಹೋಗಿದ್ದಕ್ಕೆ ಲೆಕ್ಕ ಬೇಕು, ಒಂದು ಓಟಿಪಿ ಬಂದಿರುತ್ತೆ ನೋಡಿ" ಅಂದ. ಹೇಳಿದೆ. ಅವನು ಗೇಟ್ ದಾಟುವ ಮೊದಲೇ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ! ಅದು ದೂರು ಮುಚ್ಚುವ ಓಟಿಪಿ. ಕಣ್ಣೆದುರೇ ಸುಳ್ಳು ಹೇಳಿ ಹೋಗಿದ್ದ.

ಮನೆಯವರೂ ನಾನೂ ಶೋರೂಂಗೆ ಹೋದೆವು. ಮ್ಯಾನೇಜರ್ ಕಂಪ್ಯೂಟರ್ ತಿರುಗಿಸಿ ತೋರಿಸಿದ. "ಕಂಪ್ಲೇಂಟ್ ಕ್ಲೋಸ್ ಆಗಿದೆಯಲ್ಲ ಮೇಡಂ. ನಿಮ್ಮ ಮನೆ ವೋಲ್ಟೇಜೇ ಸರಿ ಇಲ್ಲ ಅಂತ ಬರೆದಿದ್ದಾರೆ." ಗ್ಯಾಸ್ ಲೀಕ್ ಎಲ್ಲಿ ಹೋಯಿತು? ಮಾರುವಾಗ "ಇದಕ್ಕೆ ಸ್ಟೆಬಿಲೈಸರ್ ಬೇಡವೇ ಬೇಡ" ಅಂದವನೂ ಇವನೇ. ಕೇಳಿದ್ದಕ್ಕೆ ಬಿಲ್ಲಿನ ಕೆಳಗೆ ಬೆರಳಿಟ್ಟ: ಮಾರಿದ ಮಾಲು ವಾಪಸ್ ಇಲ್ಲ. ಆಮೇಲೆ ಅಂಗಡಿ ತುಂಬ ಜನರಿದ್ದಾಗ ಜೋರಾಗಿ, "ಬಿಚ್ಚಿದ ಪೀಸ್ ವಾಪಸ್ ತಗೊಂಡ್ರೆ ನಾನು ಯಾರಿಗೆ ಮಾರ್ಲಿ?" ಅಂದ. ಎಲ್ಲರೂ ನಮ್ಮನ್ನೇ ನೋಡಿದರು, ನಾವೇ ಮೋಸ ಮಾಡಲು ಬಂದವರ ಹಾಗೆ. ಬಿಚ್ಚಿದ್ದು ಅವರ ಹುಡುಗ!

ಬಿಲ್ಲಿನಲ್ಲಿ ಹಾಗೆ ಅಚ್ಚು ಹಾಕಿಸಿದರೆ ಕಾನೂನು ಬದಲಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದು ಅದರ ಪ್ರಕಾರ ತಪ್ಪು ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳಿಲ್ಲ ಅಂದರೆ 30 ದಿನದೊಳಗೆ ದುಡ್ಡು ವಾಪಸ್ ಕೊಡಬೇಕು. ಕಂಪನಿ ಮೇಲೆ ಮಾತ್ರವಲ್ಲ, ಅಂಗಡಿಯವರ ಮೇಲೂ ದೂರು ಕೊಡಬಹುದು. "ನಾವು ಮಾರೋರು ಅಷ್ಟೇ" ಅಂದರೆ ಸುಮ್ಮನೆ ವಾಪಸ್ ಬರಬೇಡಿ.

ಮಾತು ನಂಬಬೇಡಿ. ಮೆಕ್ಯಾನಿಕ್ ಹೇಳಿದ್ದನ್ನು ಜಾಬ್ ಶೀಟ್‌ನಲ್ಲಿ, ಅಂದರೆ ಅವನ ಕೆಲಸದ ಚೀಟಿಯಲ್ಲಿ, ಬರೆಸಿ, ಫೋಟೋ ತೆಗೆಯಿರಿ, ತಂಪಾಗದ ಫ್ರಿಡ್ಜ್‌ನ ವಿಡಿಯೋ ಇಡಿ. ಓಟಿಪಿ ಕೊಡಬೇಡಿ, ಕೊಡಬೇಡಿ.

ನಾನು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ. ಅಷ್ಟಕ್ಕೇ ಕಂಪನಿಯವರ ದನಿ ಮೆತ್ತಗಾಯಿತು. "ಹೊಸ ಪೀಸ್ ಕೊಡೋಣ ಮೇಡಂ" ಅಂತಾರೆ. ಬರೆದು ಮೇಲ್ ಮಾಡಿ ಅಂದಿದ್ದೇನೆ, ಇನ್ನೂ ಬಂದಿಲ್ಲ. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವಳೇ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, 2 ವರ್ಷದೊಳಗೆ ದೂರು ಕೊಟ್ಟರಾಯಿತು. ಅಂಗಡಿಯವನ ಹೆಸರನ್ನೂ ಸೇರಿಸಿಯೇ ಹಾಕುತ್ತೇನೆ.