ಕ್ಯಾಂಡಿನ್ಸ್ಕಿಯ ಕಪ್ಪು: ಪೋಸ್ಟರ್, ಕ್ಯಾನ್ವಾಸ್, ಹತ್ತಿ ಕಾಗದ

ವಾಸಿಲಿ ಕ್ಯಾಂಡಿನ್ಸ್ಕಿ 1926ರಲ್ಲಿ ಬಿಡಿಸಿದ ‘ಸೆವೆರಲ್ ಸರ್ಕಲ್ಸ್’ನ ಮೂರು ಬಗೆಯ ಪ್ರಿಂಟುಗಳು ನನ್ನ ಮನೆಗೆ ಬಂದಿವೆ. ಮೂಲಚಿತ್ರ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿದೆ. ಸುಮಾರು 140 ಸೆಂ.ಮೀ. ಚೌಕ. ಕಪ್ಪು ಹಿನ್ನೆಲೆಯಲ್ಲಿ ತೇಲುವ ವೃತ್ತಗಳು, ಅಷ್ಟೇ. ಭಾವಚಿತ್ರವಾದರೆ ಬಣ್ಣ ತುಸು ಕೆಟ್ಟರೂ ಮುಖ ಮುಖವಾಗಿಯೇ ಉಳಿಯುತ್ತದೆ. ಇಲ್ಲಿ ಒಂದು ವೃತ್ತ ಇನ್ನೊಂದರ ಮೇಲೆ ಹಾಯ್ದಾಗ ಹುಟ್ಟುವ ಮೂರನೇ ಬಣ್ಣವೇ ಚಿತ್ರ. ಅದು ಕೆಟ್ಟರೆ ಉಳಿಯುವುದೇನು?

ಕಲಾವಿದ ತೀರಿಕೊಂಡದ್ದು 1944ರಲ್ಲಿ. ನಮ್ಮ ಕಾನೂನಿನ 60 ವರ್ಷಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಗಾಗಿ ಗುಣಮಟ್ಟವನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಮೊದಲು ತರಿಸಿದ್ದು 400 ರೂಪಾಯಿಯ ಪೋಸ್ಟರ್. ಚೌಕದ ಚಿತ್ರವನ್ನು 18×24 ಇಂಚಿಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದ್ದರು.

ಕ್ಯಾನ್ವಾಸ್ ದೂರದಿಂದ ಸೊಗಸು. ಗಾಜು ಬೇಕಿಲ್ಲ, ದೀಪ ಪ್ರತಿಫಲಿಸುವುದಿಲ್ಲ. ಹತ್ತಿರ ಹೋದರೆ ಬಟ್ಟೆಯ ನೇಯ್ಗೆ ಸಣ್ಣ ವೃತ್ತಗಳ ಅಂಚನ್ನು ನುಂಗಿರುತ್ತದೆ. ಚೌಕಟ್ಟಿಗೆ ಎಳೆದು ಕಟ್ಟಿದ ಮಡಿಕೆಯಲ್ಲಿ ಶಾಯಿ ಬಿರಿದು ಬಿಳಿ ಗೆರೆ ಕಂಡಿತು. ಕಪ್ಪು ಚಿತ್ರದಲ್ಲಿ ಆ ಗೆರೆ ಕಣ್ಣಿಗೆ ಚುಚ್ಚುತ್ತದೆ.

ನಾನು ಉಳಿಸಿಕೊಂಡದ್ದು ಶೇ. 100 ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ, ಅಂದರೆ ಕರಗದ ಬಣ್ಣದ ಕಣಗಳಿರುವ ಶಾಯಿಯಲ್ಲಿ, ತೆಗೆದ ಪ್ರಿಂಟು. ಫೋಟೋ ಮುದ್ರಣದ ಬರೈಟಾ ಕಾಗದದಷ್ಟು (ಬೇರಿಯಂ ಸಲ್ಫೇಟ್ ಲೇಪವಿರುವ ಕಾಗದ) ಆಳವಾದ ಕಪ್ಪು ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ದೊಡ್ಡ ನೀಲಿ ವೃತ್ತದ ಸುತ್ತಲ ಮಸುಕು ಪ್ರಭೆ ಕಪ್ಪಿನಲ್ಲಿ ಮೆಲ್ಲಗೆ ಕರಗುವುದು ಮೂರರಲ್ಲಿ ಇದರಲ್ಲಿ ಮಾತ್ರ ಕಂಡಿತು. ಮೊದಲ ದಿನ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಖೋಟಾ ನೋಟು ಹಿಡಿಯುವ ಯುವಿ ಟಾರ್ಚನ್ನು ಕತ್ತಲಲ್ಲಿ ಬಿಟ್ಟು ನೋಡಿದೆ. ಪೋಸ್ಟರಿನ ಅಂಚು ನೀಲಿಯಾಗಿ ಹೊಳೆಯಿತು. ಬೆಳ್ಳಗೆ ಕಾಣಲು ಬೆರೆಸುವ ಬ್ರೈಟ್ನರ್ ಅದು. ಅದರ ಶಕ್ತಿ ಕುಂದಿದಂತೆ ಕಾಗದ ಹಳದಿಗೆ ತಿರುಗುತ್ತದೆ. ಹತ್ತಿ ಕಾಗದ ಹೊಳೆಯಲಿಲ್ಲ. ಬಳಿಕ ಪೋಸ್ಟರಿನ ಒಂದು ತುಂಡನ್ನೂ, ಮುದ್ರಕರಿಂದ ಕೇಳಿ ಪಡೆದ ಪರೀಕ್ಷಾ ಪಟ್ಟಿಯನ್ನೂ ಅರ್ಧರ್ಧ ರಟ್ಟು ಮುಚ್ಚಿ ಪಶ್ಚಿಮದ ಕಿಟಕಿಗೆ ಅಂಟಿಸಿದೆ. ಮೂರು ತಿಂಗಳಲ್ಲಿ ಪೋಸ್ಟರಿನ ಗುಲಾಬಿ ಬಿಳಿಚಿತು. ಪಿಗ್ಮೆಂಟ್ ಪಟ್ಟಿಯಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ.

‘ಜೀಕ್ಲೇ’ ಎಂಬ ಹೆಸರಿಗೆ ಮರುಳಾಗಬೇಡಿ. 1991ರಲ್ಲಿ ಜ್ಯಾಕ್ ಡುಗಾನ್ ಇಂಕ್‌ಜೆಟ್ ಮುದ್ರಣಕ್ಕೆ ಇಟ್ಟ ಹೆಸರದು, ಬಾಳಿಕೆಯ ಖಾತರಿಯಲ್ಲ. ಶಾಯಿ ಡೈ (ದ್ರವದಲ್ಲಿ ಕರಗಿದ ಬಣ್ಣ) ಅಥವಾ ಪಿಗ್ಮೆಂಟ್, ಯಾವುದೆಂದು ಕೇಳಿ. ಫೈಲು ಎಷ್ಟು ಪಿಕ್ಸೆಲ್ ಎಂದೂ ಕೇಳಿ: ಇಂಚಿಗೆ 300ರ ಲೆಕ್ಕದಲ್ಲಿ 24 ಇಂಚಿಗೆ 7200 ಬೇಕು.

ಫ್ರೇಮ್ ಅಂಗಡಿಯವರು ನನ್ನ ಹತ್ತಿ ಕಾಗದದ ಪ್ರಿಂಟನ್ನು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಲು ಹೊರಟಿದ್ದರು. ತಡೆದು, ಆಮ್ಲರಹಿತ ಮೌಂಟಿಗೆ (ಹಿಂಬದಿಯ ರಟ್ಟಿಗೆ) ಮೇಲಂಚಿನಲ್ಲಿ ಎರಡೇ ಕಡೆ ತೂಗುಹಾಕಿಸಿದೆ. ಕರಾವಳಿಯ ಮಳೆಗಾಲ ನೆನೆದು ಫ್ರೇಮಿನ ಹಿಂದೆ ಬಿರಡೆಯ ಬಿಲ್ಲೆಗಳನ್ನೂ ಹಚ್ಚಿಸಿದ್ದೇನೆ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ ಎಂದು.