ಸ್ಪೈಸ್ ಗರ್ಲ್ಸ್: ಮೊದಲ ಆಲ್ಬಂ ಕೇಳೋದಾ, ಕೊನೆಯದಾ?

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಆಡಿಷನ್ ನಡೆಸಿ 1994ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಐವರು ಹುಡುಗಿಯರ ಪಾಪ್ ತಂಡ ಇದು. ಒಂದೇ ಆಲ್ಬಂಗೆ ಪುರುಸೊತ್ತಿದ್ದರೆ 1996ರ ‘ಸ್ಪೈಸ್’ ಹಾಕಿಕೊಳ್ಳಿ. ಅದರ ‘ವಾನಬಿ’ ಹಾಡು ಶುರುವಾಗುವುದೇ ಹೆಜ್ಜೆ ಸಪ್ಪಳ, ಒಂದು ನಗುವಿನಿಂದ. ಆಮೇಲೆ ಐವರದೂ ಗಲಾಟೆಯೋ ಗಲಾಟೆ.

ಕೊನೆಯ ಆಲ್ಬಂ, 2000ದ ‘ಫಾರೆವರ್’, ಬೇರೆಯೇ ಜಾತಿ. ಜೆರಿ ಹ್ಯಾಲಿವೆಲ್ 1998ರಲ್ಲೇ ತಂಡ ಬಿಟ್ಟಿದ್ದರು. ಉಳಿದ ನಾಲ್ವರು ಅಮೆರಿಕದ ನಿರ್ಮಾಪಕ ರಾಡ್ನಿ ಜರ್ಕಿನ್ಸ್ ಜೊತೆ ಸೇರಿ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್ ಎಂಬ ಅಮೆರಿಕದ ಸಂಗೀತ ಶೈಲಿ) ಕಡೆ ವಾಲಿದರು. ‘ಹಾಲರ್’ ಕೇಳಿ: ತುಂಡುತುಂಡು ಬೀಟ್, ಮೆತ್ತಗಿನ ದನಿ, ಎಲ್ಲವೂ ಅಚ್ಚುಕಟ್ಟು. ಆದರೆ ಯಾರು ಹಾಡುತ್ತಿದ್ದಾರೆಂದು ಗುರುತಿಸಲು ನಾನಂತೂ ತಿಣುಕಿದೆ. ಕೊನೆಯ ‘ಗುಡ್‌ಬೈ’ ಮಾತ್ರ ಹಳೆಯ ಧಾಟಿಯದು. ಅದು 1998ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದ ಹಾಡು ತಾನೇ! ಅದೇ ಶೈಲಿಯ ಅಮೆರಿಕದ ಹುಡುಗಿಯರ ತಂಡ ಡೆಸ್ಟಿನೀಸ್ ಚೈಲ್ಡ್ ಅನ್ನು ಇಷ್ಟಪಡುವವರಿಗೆ ‘ಫಾರೆವರ್’ ಹಿಡಿಸೀತು.