ಕಿರಣ್ ವಿಮಾನದ ಮಾದರಿಗೆ ಯಾವ ತಗಡು? ಹಿತ್ತಾಳೆ, ಎಣ್ಣೆ ಡಬ್ಬ, ಪ್ರೆಸ್ಸಿನ ಹಳೆಯ ಪ್ಲೇಟು

650 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಹಿತ್ತಾಳೆ ತಗಡು ಮೂರು ತಿಂಗಳಿನಿಂದ ಕಪಾಟಿನ ಮೇಲೆ ಬಿದ್ದಿದೆ. 60 ರೂಪಾಯಿಗೆ ಮುದ್ರಣಾಲಯದಿಂದ ತಂದ ಹಳೆಯ ಆಫ್‌ಸೆಟ್ ಪ್ಲೇಟಿನಲ್ಲಿ, ಅಂದರೆ ಮುದ್ರಣಕ್ಕೆ ಬಳಸಿ ಬಿಟ್ಟ ತೆಳು ಅಲ್ಯೂಮಿನಿಯಂ ತಗಡಿನಲ್ಲಿ, ನನ್ನ ಕಿರಣ್ ವಿಮಾನದ ಎಡ ರೆಕ್ಕೆ ಪೂರ್ತಿ ಮುಗಿದಿದೆ. ತಗಡಿನಲ್ಲಿ ಮಾದರಿ ಮಾಡಬೇಕೆಂದುಕೊಂಡವರು ಹಿತ್ತಾಳೆಗೆ ದುಡ್ಡು ಹಾಕುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಬೀದರಿನವನಾದ ನಾನು ಕಿರಣ್ ವಿಮಾನವನ್ನೇ ಆರಿಸಿಕೊಂಡದ್ದಕ್ಕೆ ಹೆಚ್ಚಿನ ವಿವರಣೆ ಬೇಡ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮೂರಿನ ನೆಲೆಯಲ್ಲಿ. 2011ರವರೆಗೆ ಅದು ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ಮಾರ್ಕ್ 2 ವಿಮಾನಗಳನ್ನು. ಒಂಬತ್ತು ವಿಮಾನಗಳು ಒಟ್ಟಿಗೆ ತಿರುಗುವಾಗ ನಾವು ಹುಡುಗರು ಮಾಳಿಗೆ ಹತ್ತಿ ನಿಲ್ಲುತ್ತಿದ್ದೆವು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 10.70 ಮೀಟರ್ ಇರುವ ವಿಮಾನವನ್ನು ನಾನು 24ರಲ್ಲಿ ಒಂದು ಪಾಲಿಗೆ ಇಳಿಸಿದ್ದೇನೆ. ಅಂದರೆ ಸುಮಾರು 44.6 ಸೆಂಟಿಮೀಟರ್. ಒಳಗಿನ ಅಡ್ಡಪಟ್ಟಿಗಳಿಂದ ಹಿಡಿದು ಹೊರಗಿನ ರಿವೆಟ್‌ಗಳವರೆಗೆ ಎಲ್ಲವೂ ಕೈಯಲ್ಲೇ ಆಗಬೇಕು ಎಂಬುದು ನನ್ನ ಹಟ.

ಹೋಲಿಕೆ ನ್ಯಾಯವಾಗಿರಲೆಂದು ಎರಡು ಭಾಗಗಳನ್ನು ಮೂರೂ ತಗಡುಗಳಲ್ಲಿ ಮಾಡಿ ನೋಡಿದೆ: ರೆಕ್ಕೆಯ ಒಂದು ಗೇಣು ಉದ್ದದ ತುಂಡು ಮತ್ತು ವಿಮಾನದ ಮೂತಿ. ರೆಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ, ಅದು ಸುಲಭ. ಮೂತಿ ಎಲ್ಲ ದಿಕ್ಕಿಗೂ ಬಾಗುತ್ತದೆ. ತಗಡಿನ ಗುಣ ಗೊತ್ತಾಗುವುದು ಅಲ್ಲಿಯೇ.

ಮೊದಲು ಹಿತ್ತಾಳೆ. ಕೇಳಿದ್ದು 0.3 ಮಿಲಿಮೀಟರ್, ಬಂದದ್ದು 0.5. ಅದೂ ಕೊಳವೆಯಂತೆ ಸುತ್ತಿ ಕಳಿಸಿದ್ದರು; ಆ ಬಾಗು ಇವತ್ತಿಗೂ ಪೂರ್ತಿ ಹೋಗಿಲ್ಲ. ನಮ್ಮ ಅಳತೆಯಲ್ಲಿ 0.5 ಮಿಲಿಮೀಟರ್ ಎಂದರೆ ನಿಜವಾದ ವಿಮಾನಕ್ಕೆ 12 ಮಿಲಿಮೀಟರ್ ದಪ್ಪದ ಹೊದಿಕೆ ಹಾಕಿದಂತೆ. ಅಂಚು ಕಂಡಲ್ಲೆಲ್ಲ ಆ ದಪ್ಪ ಕಣ್ಣಿಗೆ ಚುಚ್ಚುತ್ತದೆ. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆದರೂ ಹಿತ್ತಾಳೆಯ ದೊಡ್ಡ ಗುಣವೊಂದನ್ನು ಒಪ್ಪಲೇಬೇಕು: ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಅದರ ದೋಷವೂ ಅಲ್ಲೇ ಇದೆ. ಶಾಖ ತಗಡಿನುದ್ದಕ್ಕೂ ಹರಿದು, ಎರಡನೆಯ ಅಡ್ಡಪಟ್ಟಿ ಬೆಸೆಯುವಾಗ ಮೊದಲನೆಯದು ಬಿಟ್ಟುಕೊಳ್ಳುತ್ತದೆ. ಪಕ್ಕದ ಬೆಸುಗೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕೆಲಸ ಮಾಡಿದರೆ ನಿಲ್ಲುತ್ತದೆ, ಆದರೆ ಮೂರು ಕೈಗಳು ಬೇಕು.

ಎಣ್ಣೆ ಡಬ್ಬದ ತಗಡು ಕಬ್ಬಿಣಕ್ಕೆ ತವರ ಲೇಪಿಸಿದ್ದು. ಬೆಸುಗೆ ಕೂಡಲೇ ಹಿಡಿಯುತ್ತದೆ. ಶಾಖ ಹಿತ್ತಾಳೆಯಷ್ಟು ಓಡುವುದಿಲ್ಲ, ಹಾಗಾಗಿ ಪಕ್ಕದ ಬೆಸುಗೆ ಉಳಿಯುತ್ತದೆ. ಹಣ ಕೊಡಬೇಕಿಲ್ಲ. ಆದರೆ ಕತ್ತರಿಸಿದ ಅಂಚು ಸುರುಳಿಯಾಗುತ್ತದೆ, ತವರವಿಲ್ಲದ ಆ ಅಂಚಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಬಂತು. ಮೂತಿಯಂತಹ ಆಕಾರಕ್ಕೆ ಅದು ಒಗ್ಗಲೇ ಇಲ್ಲ. ಎರಡು ಸಂಜೆ ಬಡಿದು ಕೈಬಿಟ್ಟೆ.

ಇನ್ನು ನನ್ನ ಪ್ಲೇಟು. ಆಫ್‌ಸೆಟ್ ಮುದ್ರಣದ ಪ್ಲೇಟು ಬಹುಪಾಲು ಶುದ್ಧ ಅಲ್ಯೂಮಿನಿಯಂ. ಚಿಕ್ಕ ಯಂತ್ರಗಳ ಪ್ಲೇಟು 0.15 ಮಿಲಿಮೀಟರ್ ದಪ್ಪವಿರುತ್ತದೆ. ಕೆಲಸ ಮುಗಿದ ಮೇಲೆ ಮುದ್ರಣಾಲಯದವರು ಅದನ್ನು ಗುಜರಿಗೆ ತೂಗಿ ಹಾಕುತ್ತಾರೆ. ಚಾಕುವಿನಿಂದ ಒಂದು ಗೀರು ಎಳೆದು ಎರಡು ಸಲ ಆಚೀಚೆ ಬಾಗಿಸಿದರೆ ನೇರವಾಗಿ ತುಂಡಾಗುತ್ತದೆ, ಕತ್ತರಿ ಮುಟ್ಟಬೇಕಿಲ್ಲ. ಮುದ್ರಣದ ಬದಿ ತರಿತರಿಯಾಗಿರುವುದರಿಂದ ಅದನ್ನು ಒಳಗೆ ಹಾಕಬೇಕು. ಅಂಟೂ ಅಲ್ಲಿ ಚೆನ್ನಾಗಿ ಕಚ್ಚುತ್ತದೆ. ಹಿಂಬದಿಯ ನುಣುಪು ಮೈ ಹೊರಗೆ ಬರುತ್ತದೆ. ನನ್ನ ಎಡ ರೆಕ್ಕೆಯ ಒಳಮೈಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಕರಪತ್ರದ ಅಕ್ಷರಗಳಿವೆ. ಇನ್ನು ಯಾರೂ ಅದನ್ನು ನೋಡಲಾರರು, ಆದರೆ ಅದು ಅಲ್ಲಿದೆ ಎಂಬುದು ನನಗೆ ಸಂತೋಷ.

ರಿವೆಟ್‌ಗಳಿಗೆ ಚೌಬಾರಾದ ಹತ್ತಿರದ ಗಡಿಯಾರ ರಿಪೇರಿಯವರು ಕೊಟ್ಟ ಹಳೆಯ ಹಲ್ಲುಚಕ್ರ ಸಾಕು. ಸ್ಕೇಲಿನ ಪಕ್ಕದಲ್ಲಿ ತಗಡಿನ ಒಳಮೈಯ ಮೇಲೆ ಒತ್ತಿ ಉರುಳಿಸಿದರೆ ಹೊರಗೆ ಸಾಲಾಗಿ ಚುಕ್ಕೆಗಳು ಏಳುತ್ತವೆ. ಹಲ್ಲುಗಳ ನಡುವೆ ಒಂದು ಮಿಲಿಮೀಟರ್ ಅಂತರವಿದ್ದರೆ ಅದು ನಿಜವಾದ ವಿಮಾನದಲ್ಲಿ 24 ಮಿಲಿಮೀಟರ್. ನೋಡಲು ಸರಿಯಾಗಿ ಒಪ್ಪುತ್ತದೆ. ನಾನು ತರಿಸಿದ ಹಿತ್ತಾಳೆಯ ಮೇಲೆ ಅದೇ ಚಕ್ರ ಬರೀ ಗೀರು ಬಿಟ್ಟಿತು.

ಈ ಪ್ಲೇಟಿನ ಜೊತೆ ಬರುವ ಒಂದು ತೊಡಕನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಅದು ನನ್ನ ಮೂರು ವಾರಗಳನ್ನು ತಿಂದಿತು.

ಮುದ್ರಣಾಲಯದಿಂದ ಬಂದ ಪ್ಲೇಟು ಗಡಸಾಗಿರುತ್ತದೆ. ರೆಕ್ಕೆಗೆ ಅದು ಒಳ್ಳೆಯದೇ. ಮೂತಿಗೆ ಮಾತ್ರ ಮೊದಲು ಕಾಯಿಸಿ ಮೆದು ಮಾಡಬೇಕು, ಇಲ್ಲದಿದ್ದರೆ ಸಾಗುವಾನಿಯ ಅಚ್ಚಿನ ಮೇಲೆ ಒತ್ತಿದಷ್ಟೂ ಚಿಮ್ಮಿ ಹಿಂದಕ್ಕೆ ಬರುತ್ತದೆ, ಕೊನೆಗೆ ಸೀಳುತ್ತದೆ. ಹಿತ್ತಾಳೆಯನ್ನು ಕಾಯಿಸುವುದು ಸುಲಭ: ದೀಪ ಆರಿಸಿ, ಜ್ವಾಲೆ ಹಿಡಿದು, ಮಂದ ಕೆಂಪು ಕಂಡ ಕೂಡಲೇ ನಿಲ್ಲಿಸಿದರಾಯಿತು. ಅಲ್ಯೂಮಿನಿಯಂ ಆ ಸೂಚನೆ ಕೊಡುವುದೇ ಇಲ್ಲ. 660 ಡಿಗ್ರಿಯಲ್ಲಿ ಕರಗುವ ಅದು ಕೆಂಪಾಗುವ ಮೊದಲೇ ಕುಸಿದು ಬೀಳುತ್ತದೆ. ಬೆಳ್ಳಗೆ ಇದ್ದ ತಗಡು ಕಣ್ಣೆದುರೇ ಸುಕ್ಕಾಗಿ ತೂತು ಬಿದ್ದಾಗ ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಹಾಗೆ ನಾಲ್ಕು ಮೂತಿಗಳು ಹೋದವು. ನಾಲ್ಕನೆಯದಕ್ಕೆ ಮೂರು ಸಂಜೆಗಳ ಕೆಲಸ ಆಗಲೇ ಸೇರಿತ್ತು, ಕೊನೆಯ ಸಲ ಕಾಯಿಸುವಾಗ ಕರಗಿತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ದಾರಿ ತೋರಿಸಿದವರು ನಮ್ಮ ಓಣಿಯ ಹತ್ತಿರದ ಟಿಂಕರಿಂಗ್ ಗ್ಯಾರೇಜಿನ ಚಾಚಾ. ಬಸ್ಸಿನ ಅಲ್ಯೂಮಿನಿಯಂ ತಗಡು ಬಡಿಯುವುದು ಅವರ ದಿನದ ಕೆಲಸ. ಕರಗಿದ ಮೂತಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಮೊದಲು ಸಾಬೂನು ಹಚ್ಚಬೇಕು ಬೇಟಾ. ಸಾಬೂನು ಕಪ್ಪಾಯಿತೆಂದರೆ ಬೆಂಕಿ ತೆಗೆದುಬಿಡು” ಎಂದರು.

ಅಷ್ಟೇ. ಬಟ್ಟೆ ಒಗೆಯುವ ಸಾಬೂನನ್ನು ಒಣಗಿದ್ದಂತೆಯೇ ತಗಡಿಗೆ ಉಜ್ಜಬೇಕು. ಕಾದಂತೆ ಅದು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗುತ್ತದೆ. ಅಲ್ಯೂಮಿನಿಯಂ ಮೆದುವಾಗುವ ಶಾಖವೂ ಹೆಚ್ಚುಕಡಿಮೆ ಅದೇ, ಕರಗುವ ಶಾಖಕ್ಕಿಂತ ಬಹಳ ಕೆಳಗೆ. ನಾನು ಇದಕ್ಕೆ ಇನ್ನೊಂದು ಸೇರಿಸಿದೆ: ಜ್ವಾಲೆಯನ್ನು ನೇರವಾಗಿ ಹಿಡಿಯುವುದನ್ನು ಬಿಟ್ಟು, ಮೂಲೆಗೆ ಬಿದ್ದಿದ್ದ ರೊಟ್ಟಿ ಹಂಚನ್ನು ಒಲೆಯ ಮೇಲಿಟ್ಟು ಅದರ ಮೇಲೆ ತಗಡನ್ನು ಮಲಗಿಸಿದೆ. ತೆಳುವಾದ ತಗಡಿಗೆ ಶಾಖ ಎಲ್ಲ ಕಡೆ ಒಂದೇ ಸಮ ತಾಗುತ್ತದೆ. ಕಾಯಿಸುವ ಮೊದಲು ಹಳೆಯ ಶಾಯಿ ಮತ್ತು ಲೇಪನವನ್ನು ಚೆನ್ನಾಗಿ ಉಜ್ಜಿ ತೆಗೆಯಿರಿ, ಇಲ್ಲವಾದರೆ ಮನೆಯೆಲ್ಲ ಹೊಗೆ.

ಒಂದು ಸಲ ಮೆದು ಮಾಡಿದರೆ ಮುಗಿಯಲಿಲ್ಲ. ಟೂತ್‌ಬ್ರಷ್ ಹಿಡಿಯಿಂದ ತಿಕ್ಕಿದಂತೆಲ್ಲ ತಗಡು ಮತ್ತೆ ಗಡಸಾಗುತ್ತದೆ. ಕೈಗೆ ಅದು ಗೊತ್ತಾಗುತ್ತದೆ, ಒತ್ತಿದ ಜಾಗ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಆಗ ಮತ್ತೆ ಸಾಬೂನು, ಮತ್ತೆ ಹಂಚು. ಎಡ ಬಲ ಎರಡು ಹೋಳುಗಳಲ್ಲಿ ಮಾಡಿದ ಐದನೆಯ ಮೂತಿಯನ್ನು ಐದು ಸಲ ಕಾಯಿಸಿದೆ. ಈಗ ಅದರ ಮೇಲೆ ಬೆರಳಾಡಿಸಿದರೆ ಒಂದು ಸುಕ್ಕೂ ತಾಗುವುದಿಲ್ಲ.

ಅಲ್ಯೂಮಿನಿಯಂ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಬಳಸಿ, ರಾತ್ರಿಯಿಡೀ ಬಟ್ಟೆ ಕ್ಲಿಪ್ಪು ಹಾಕಿಡುತ್ತೇನೆ.

ತೂಕದಲ್ಲೂ ಪ್ಲೇಟೇ ಮೇಲು. ಒಂದೇ ದಪ್ಪದಲ್ಲಿ ಹಿತ್ತಾಳೆ ಅದರ ಮೂರು ಪಟ್ಟು ಭಾರ.

ನನಗೆ ಇದು ಒಗ್ಗಿದ್ದರಲ್ಲಿ ನನ್ನ ದಿನಚರಿಯ ಪಾಲೂ ಇದೆ. ನಾನು ಕೆಲಸಕ್ಕೆ ಕೂರುವುದು ರಾತ್ರಿ ಒಂಬತ್ತರ ಮೇಲೆ, ಮಕ್ಕಳು ಮಲಗುವ ಕೋಣೆಯಲ್ಲೇ. ಅಲ್ಲಿ ಬೆಸುಗೆಯ ಹೊಗೆ ಎಬ್ಬಿಸಲಾರೆ. ಅಂಟು ಹಚ್ಚಿ ಕ್ಲಿಪ್ಪು ಹಾಕಿದರೆ ಸದ್ದೂ ಇಲ್ಲ. ತಿಂಗಳಿಗೆ ಈ ಹವ್ಯಾಸಕ್ಕೆ ತೆಗೆದಿಡುವುದು 500 ರೂಪಾಯಿ. ನಾಲ್ಕು ಮೂತಿಗಳನ್ನು ಹಿತ್ತಾಳೆಯಲ್ಲಿ ಕೆಡಿಸಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ರೈಲು ಎಂಜಿನ್ ಮಾಡುವವರಿಗೆ, ಬೇರೆ ಕೋಣೆ ಇದ್ದವರಿಗೆ ಹಿತ್ತಾಳೆ ಸರಿ ಹೋಗಬಹುದು. ವಿಮಾನಕ್ಕೆ, ಅದರಲ್ಲೂ ಬಣ್ಣ ಹಚ್ಚದೆ ಲೋಹದ ಮೈಯನ್ನೇ ತೋರಿಸುವ ವಿಮಾನಕ್ಕೆ, ನಾನು ಪ್ಲೇಟು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಕಪಾಟಿನ ಮೇಲಿರುವ ಹಿತ್ತಾಳೆಯನ್ನು ಚಕ್ರದ ಕಾಲುಗಳಿಗೆ ಕತ್ತರಿಸುತ್ತೇನೆ. ಅಲ್ಲಿ ಗಟ್ಟಿತನ ಬೇಕು, 0.5 ದಪ್ಪವೂ ಒಪ್ಪುತ್ತದೆ.

ಮುದ್ರಣಾಲಯಕ್ಕೆ ಹೋಗುವುದಾದರೆ ಒಂದು ದಿನ ಮೊದಲೇ ಹೇಳಿಡಿ. ಗುಜರಿಗೆ ಹಾಕುವವರು ಜಾಗ ಉಳಿಸಲು ಪ್ಲೇಟುಗಳನ್ನು ಮಡಿಸಿ ತುಳಿದಿಡುತ್ತಾರೆ, ಮಡಿಕೆ ಬಿದ್ದದ್ದು ನಮ್ಮ ಕೆಲಸಕ್ಕೆ ಬಾರದು. ಎರಡು ಹಳೆಯ ದಿನಪತ್ರಿಕೆಗಳ ನಡುವೆ ಚಪ್ಪಟೆಯಾಗಿ ಇಟ್ಟಿರುವಂತೆ ಕೇಳಿಕೊಳ್ಳಿ, ತರುವಾಗ ಒಂದು ರಟ್ಟು ಒಯ್ಯಿರಿ.